ಅಂತರಘಟ್ಟಮ್ಮನಲ್ಲಿ ಒಂದು ಅರಿಕೆ

ತಾಯೀ ಅಂತರಘಟ್ಟಮ್ಮ, ನಿನ್ನ ಜಾತ್ರೆಗೆ ಇನ್ನೂ ದಿನವಿದೆ. ಪಾನಕದ ಬಂಡಿಗಳು ಹೊರಟು ಎತ್ತುಗಳ ಗೆಜ್ಜೆ ಸದ್ದೆದ್ದ ಮೇಲೆ ನನ್ನಂಥವಳ ಮಾತು ನಿನಗೆ ಕೇಳಿಸುವುದು ಕಷ್ಟ. ಅದಕ್ಕೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಈಗಲೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಚಿಕ್ಕಮ್ಮನನ್ನು ಉಳಿಸು ಅಂತ ಮನೆಯವರೆಲ್ಲ ಆಗಲೇ ಬೇಡಿಕೊಂಡಿದ್ದಾರೆ. ನಾನೂ ಅದನ್ನೇ ಹೇಳಿ ನಿನ್ನ ತಲೆ ತಿನ್ನುವುದಿಲ್ಲ. ನನಗೆ ಬೇಕಾದದ್ದು ಗಾಬರಿಯಲ್ಲಿ ಒಣಗದ ನಾಲಿಗೆ.

ನಮ್ಮ ಸೀಮೆ ನಿನಗೆ ಗೊತ್ತು. ಅಜ್ಜಂಪುರ ಈಗ ತಾಲ್ಲೂಕು. ಆದರೂ ರಾತ್ರಿ ಯಾರಿಗಾದರೂ ಜೋರಾದರೆ ನಮ್ಮ ಕಡೆಯ ಗಾಡಿ ತಿರುಗುವುದು ತರೀಕೆರೆಗೆ, ಅಲ್ಲಿಂದ ಭದ್ರಾವತಿ ದಾಟಿ ಶಿವಮೊಗ್ಗಕ್ಕೆ. ಕಡೂರಿನ ನೆಂಟರು ಚಿಕ್ಕಮಗಳೂರಿಗೋ ಹಾಸನಕ್ಕೋ ಓಡುತ್ತಾರೆ. ದಾರಿಯುದ್ದಕ್ಕೂ ರೋಗಿ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಜೊತೆಗೆ ಕೂತವರೇ ಅವರ ಬಾಯಿ.

ಮುಸ್ಸಂಜೆ ತೋಟದಲ್ಲಿ ಉದುರಿದ ಅಡಿಕೆ ಆಯುತ್ತಿದ್ದ ಚಿಕ್ಕಮ್ಮನ ಬಲಗೈಗೆ ಹಾವು ಕಚ್ಚಿತು. ಮೈಮೇಲೆ ಸಾಲಾಗಿ ಮಚ್ಚೆಯಿದ್ದ ದಪ್ಪ ಹಾವು ಅಂದರು ಚಿಕ್ಕಪ್ಪ, ಕೊಳಕುಮಂಡಲವೇ. ಹುಡುಗರು ದೊಣ್ಣೆ ಹಿಡಿದು ಅದರ ಹಿಂದೆ ಹೊರಟರು. ಬೇಡ ಎಂದೆ. ಹಾವನ್ನು ಹಿಡಿದು ಒಯ್ಯುವ ಅಗತ್ಯವೇ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ನಮ್ಮಲ್ಲಿ ಕೊಡುವ ಪ್ರತಿವಿಷ ಒಂದೇ. ಪಕ್ಕದೂರಿನಲ್ಲಿ ಸೊಪ್ಪಿನ ರಸ ಕೊಡುವವರಿದ್ದಾರೆ ಎಂದು ಯಾರೋ ಹಿರಿಯರು ಹೇಳಿದರು. ಅದಕ್ಕೂ ಬೇಡ ಎಂದೆ. ಹಿರಿಯರ ಮಾತಿಗೆ ಎದುರಾಡಿ ನನಗೆ ರೂಢಿಯಿಲ್ಲ ತಾಯೀ, ಆ ಎರಡನೆಯ ‘ಬೇಡ’ ನಿನ್ನದೇ ಇರಬೇಕು.

ಆದರೆ ನಿಜವಾದ ಜಗಳ ನಡೆದದ್ದು ಬಳೆಗಾಗಿ. ಕೈ ಊದುವುದರೊಳಗೆ ಬಳೆ, ಉಂಗುರ ತೆಗೆಯಬೇಕು. ತಡವಾದರೆ ಅವೇ ಮಾಂಸಕ್ಕೆ ಕಚ್ಚಿಕೊಂಡು ರಕ್ತ ಓಡಾಡಲು ಬಿಡುವುದಿಲ್ಲ. ಚಿಕ್ಕಮ್ಮ ನೋವಿನಲ್ಲೂ ಕೈ ಹಿಂದಕ್ಕೆಳೆದುಕೊಂಡರು. “ಮುತ್ತೈದೆ ಕೈ ಬರಿದು ಮಾಡ್ತೀಯೇನೇ? ಅವರಿನ್ನೂ ಕಣ್ಮುಂದೆ ನಿಂತವ್ರೆ!” ಚಿಕ್ಕಪ್ಪ ಟಾರ್ಚ್ ಹಿಡಿದು ನಿಂತೇ ಇದ್ದರು. ವೈದ್ಯಶಾಸ್ತ್ರ ಹೇಳುತ್ತಾ ಕೂರುವ ಹೊತ್ತಲ್ಲ ಅದು. “ಅಂತರಘಟ್ಟಮ್ಮನ ಮಡಿಲಿಗೆ ಹಾಕ್ತೀವಿ ಚಿಕ್ಕಮ್ಮ, ಇವು ಇನ್ನು ನಿಮ್ಮವಲ್ಲ, ತಾಯೀವು” ಎಂದೆ. ಸುಮ್ಮನಾದರು. ಸೋಪುನೀರು ಹಚ್ಚಿ ಚಿಕ್ಕಪ್ಪನೇ ಒಂದೊಂದಾಗಿ ಜಾರಿಸಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಬಳಸಿಕೊಂಡೆ. ಬಳೆಗಳು ನನ್ನ ಬ್ಯಾಗಿನಲ್ಲಿವೆ, ಹಸಿರು, ಒಂದು ಒಡೆದಿದೆ.

108ಕ್ಕೆ ಫೋನ್ ಮಾಡಿ ಕಾಯುವಷ್ಟರಲ್ಲಿ ಪಕ್ಕದ ಮನೆಯವರ ಓಮ್ನಿ ಸಿಕ್ಕಿತು. ದಾರಿಯಲ್ಲಿ ಒಂದು ನರ್ಸಿಂಗ್ ಹೋಮಿನ ದೀಪ ಕಂಡು ಇಳಿದೆವು. ಕೌಂಟರಿನಲ್ಲಿದ್ದವರು ರೋಗಿಯ ಮುಖ ನೋಡುವ ಮೊದಲೇ ಅಡ್ವಾನ್ಸ್ ಕೇಳಿದರು. ತಾಯೀ, ಆ ಕೌಂಟರಿನ ಮುಂದೆ ನಿಲ್ಲುವ ನನ್ನಂಥವರ ನೆನಪಿನಲ್ಲಿ ಕೆಲವು ಇಸವಿಗಳನ್ನು ಗಟ್ಟಿಯಾಗಿ ಕೂರಿಸು. ಜೀವ ಉಳಿಸುವುದೇ ಮೊದಲು, ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ವೈದ್ಯರಿಗೂ ಅದು ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಒತ್ತಾಯಿಸುವಂತಿಲ್ಲ ಎಂಬ ಮಾತು ಅದಕ್ಕೆ 2017ರ ತಿದ್ದುಪಡಿಯಲ್ಲಿ ಬಂತು.

ಹಕೀಂ ಶೇಖನನ್ನೂ ನೆನಪಿಸು. ಬಂಗಾಳದ ಕೂಲಿಯಾಳು. 1992ರ ಜುಲೈಯಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ, ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಸಾಗಹಾಕಿದರು. ಕೊನೆಗೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಚಿಕಿತ್ಸೆ. ಅವನ ಪರವಾಗಿ ಕೋರ್ಟಿಗೆ ಹೋದದ್ದು ಹೊಲದಲ್ಲಿ ದುಡಿಯುವವರ ಒಂದು ಸಂಘ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕನ್ನೇ ಕಸಿದಂತೆ ಎಂದು 1996ರಲ್ಲಿ ತೀರ್ಪಾಯಿತು. ಪರಿಹಾರ 25 ಸಾವಿರ ರೂಪಾಯಿ. ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತುವ ಈರುಳ್ಳಿ ಹೊಲದ ಕೂಲಿಯವರನ್ನು ಕಂಡಾಗೆಲ್ಲ ನನಗೆ ಆ ಸಂಘದ ನೆನಪಾಗುತ್ತದೆ. ಇವರಿಗೆ ಅಂಥದ್ದೊಂದು ಇದೆಯೋ ಇಲ್ಲವೋ.

ಆ ರಾತ್ರಿ ಕೌಂಟರಿನಲ್ಲಿ ವಾದಕ್ಕೆ ನಿಲ್ಲದೆ ಸರ್ಕಾರಿ ಆಸ್ಪತ್ರೆಗೆ ಹೊರಟೆವು. ಅಲ್ಲಿ ಪ್ರತಿವಿಷವೂ ಇತ್ತು, ಎಚ್ಚರವಾಗಿದ್ದ ಒಬ್ಬರೇ ಡ್ಯೂಟಿ ಡಾಕ್ಟರೂ ಇದ್ದರು. ಸಿಸ್ಟರು ರಕ್ತ ತೆಗೆದು ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲುಗಿಸದೆ ಸ್ಟ್ಯಾಂಡಿನಲ್ಲಿಟ್ಟರು. 20 ನಿಮಿಷ. ಆಮೇಲೆ ಓರೆ ಮಾಡಿದರೆ ಹೆಪ್ಪುಗಟ್ಟಿರಬೇಕು. ನಮ್ಮದು ನೀರಿನಂತೆ ಹರಿಯಿತು. ಪ್ರತಿವಿಷ ಶುರುವಾಯಿತು, ಮೊದಲಿಗೆ ಹತ್ತು ವಯಲ್. ಮಗುವಿಗೂ ದೊಡ್ಡವರಿಗೂ ಅಳತೆ ಒಂದೇ, ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲವಲ್ಲ.

“ಪೇಷಂಟ್ ಕಡೆಯೋರು ಯಾರ್ರೀ?” ಎಂದಾಗ ಎದ್ದು ಹೋಗುವವರಿಗೆ, ತಾಯೀ, ಇಷ್ಟು ಹೇಳುವ ಶಕ್ತಿ ಕೊಡು: ಕಚ್ಚಿದ್ದು ಎಷ್ಟು ಗಂಟೆಗೆ, ಊತ ಎಲ್ಲಿಯವರೆಗೆ ಏರಿದೆ, ಸಕ್ಕರೆ ಮಾತ್ರೆಯೋ ಬಿಪಿ ಮಾತ್ರೆಯೋ ನುಂಗುತ್ತಿದ್ದಾರೆಯೇ. ನಾಟಿ ಔಷಧಿ ಕುಡಿಸಿದ್ದರೆ ಮುಚ್ಚಿಡದೆ ಅದನ್ನೂ ಹೇಳಲಿ; ಬೈಸಿಕೊಂಡರೆ ಬೈಸಿಕೊಳ್ಳಲಿ. ಆರು ಗಂಟೆ ಕಳೆದ ಮೇಲೆ ಕೊಳವೆಯ ಪರೀಕ್ಷೆ ಇನ್ನೊಮ್ಮೆ ಮಾಡ್ತೀರಾ ಮೇಡಂ ಎಂದು ಕೇಳಲಿ, ಕೇಳಿದ್ದಕ್ಕೆ ಅವರು ಮುನಿಯದಿರಲಿ. ಬೇರೆ ಊರಿಗೆ ಕಳಿಸುವಾಗ ಚೀಟಿಯಲ್ಲಿ ಎಷ್ಟು ವಯಲ್, ಎಷ್ಟು ಹೊತ್ತಿಗೆ ಎಂಬುದು ಇದೆಯೇ ಎಂದು ಓದಿ ನೋಡುವ ಕಣ್ಣಿರಲಿ. ಅಲ್ಲಿ ಡಯಾಲಿಸಿಸ್ ಖಾಲಿ ಇದೆಯೇ ಎಂದು ಹೊರಡುವ ಮುಂಚೆಯೇ ಫೋನ್ ಮಾಡಿಸುವ ಹಟವಿರಲಿ. ಹಾವು ಕಡಿತವನ್ನು ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ರೋಗವೆಂದು ಸಾರಿದೆಯಂತೆ, ಪ್ರತಿ ಕಡಿತವೂ ಲೆಕ್ಕಕ್ಕೆ ಬರಬೇಕು. ನಮ್ಮ ಚಿಕ್ಕಮ್ಮನದೂ ಆ ಲೆಕ್ಕದ ಪುಸ್ತಕಕ್ಕೆ ಸೇರಿದೆ, ಕೇಳಿ ಖಾತ್ರಿ ಮಾಡಿಕೊಂಡೆ.

ಇನ್ನೊಂದು ಮಾತು. ನಾನು ಕೇಳಿದ್ದು ನಾಲಿಗೆ. ಕೈಯನ್ನು ನೀನೇ ಹಿಡಿದುಕೋ. ಡಾಕ್ಟರ ಕಾಲರಿಗೆ ಹೋದ ಕೈಗಳನ್ನು ನಾನೂ ನೋಡಿದ್ದೇನೆ. ಆ ಒಬ್ಬ ಡ್ಯೂಟಿ ಡಾಕ್ಟರಿಗೆ ಅದೇ ರಾತ್ರಿ ಇನ್ನೆರಡು ಹೆರಿಗೆ, ಒಂದು ಬೈಕ್ ಆಕ್ಸಿಡೆಂಟ್. ಅವರ ಟೀ ಮೇಜಿನ ಮೇಲೆ ಕೆನೆಗಟ್ಟಿತ್ತು.

ಕೊಳಕುಮಂಡಲದ ವಿಷ ರಕ್ತದ ನಂತರ ಕಿಡ್ನಿಗೆ ಹೋಗುತ್ತದಂತೆ. ಅದಕ್ಕೇ ಅಲ್ಲಿಂದ ಈ ಮೆಗ್ಗಾನ್ ಆಸ್ಪತ್ರೆಗೆ ಬಂದದ್ದು. ಉಚ್ಚೆ ಎಷ್ಟು ಬಂತು ಎಂದು ಅಳೆದು ಹೇಳುವ ಕೆಲಸ ಈಗ ನನ್ನದು. ಚಿಕ್ಕಮ್ಮನಿಗೆ ನಾಚಿಕೆ, “ಇದನ್ನೆಲ್ಲ ದೇವರ ಮುಂದೆ ಹೇಳ್ಬೇಡ” ಅನ್ನುತ್ತಾರೆ. ನಿನ್ನ ಗುಡಿಯಲ್ಲಿ ಮಳೆ, ಬೆಳೆ, ಮಕ್ಕಳು, ಕೋರ್ಟ್ ಕೇಸು ಎಲ್ಲವನ್ನೂ ಬೇಡಿಕೊಂಡವರಿದ್ದಾರೆ. ಇದನ್ನು ಬೇಡಿಕೊಂಡವರು ಕಡಿಮೆಯೇ. ಮೊದಲ ದಿನ ತೀರ ಇಳಿದಿತ್ತು. ನಿನ್ನೆ ಅರ್ಧ ಲೀಟರ್. ಇವತ್ತು ಬೆಳಗಿನವರೆಗೆ ಒಂದೂಕಾಲು, ಬಣ್ಣವೂ ತಿಳಿ. ಸಿಸ್ಟರು ಚಾರ್ಟಿನಲ್ಲಿ ಬರೆದುಕೊಂಡರು. ನೀನೂ ಬರೆದುಕೋ.