ತಂಡಕ್ಕಾಗಿ ಕೊಂಡ ಗೆಲುವು

"ಅಜ್ಜ, ಇದು ನನಗಾಗಿ ಅಲ್ಲ, ತಂಡಕ್ಕಾಗಿ" ಎಂದ ಮೊಮ್ಮಗ. ಕಂಪ್ಯೂಟರಿನಲ್ಲಿ ಟ್ಯಾಂಕುಗಳ ಯುದ್ಧದ ಆಟ ಆಡುವ ಅವನಿಗೆ ಎರಡು ಸಾವಿರ ರೂಪಾಯಿ ಬೇಕಾಗಿತ್ತು. ಒಳ್ಳೆಯ ಟ್ಯಾಂಕೊಂದನ್ನು ಕೊಳ್ಳದಿದ್ದರೆ ತನ್ನಿಂದಾಗಿ ಜೊತೆಯವರೆಲ್ಲ ಸೋಲುತ್ತಾರೆಂಬುದು ಅವನ ವಾದ. ಬರೀ ಆಸೆಗಾಗಿ ಕೇಳಿದ್ದರೆ ಗದರಿಸಿ ಕಳುಹಿಸಬಹುದಿತ್ತು. ಕರ್ತವ್ಯದ ಹೆಸರು ಹೇಳಿದ್ದರಿಂದ ಯೋಚಿಸಬೇಕಾಯಿತು. ಹಣ ಕೊಟ್ಟು ಆಟದಲ್ಲಿ ಬಲ ಕೊಳ್ಳುವುದು ಅನ್ಯಾಯವಾದರೆ, ಅದು ಯಾರಿಗೆ ಮಾಡಿದ ಅನ್ಯಾಯ? ಎದುರಾಳಿಗೋ, ಜೊತೆಗಾರನಿಗೋ, ತನಗೋ?

ಈ ಬಗೆಯ ಆಟಗಳಲ್ಲಿ ಹೆಸರಾದವು ಎರಡು. ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ ಹುಟ್ಟಿದ ವಾರ್‌ಗೇಮಿಂಗ್ ಸಂಸ್ಥೆ 2010ರಲ್ಲಿ ಹೊರತಂದ 'ವರ್ಲ್ಡ್ ಆಫ್ ಟ್ಯಾಂಕ್ಸ್' ಒಂದು. ಗೈಜಿನ್ ಸಂಸ್ಥೆ 2012ರಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ತೆರೆದ 'ವಾರ್ ಥಂಡರ್' ಇನ್ನೊಂದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ಹದಿನೈದು ಮಂದಿಗೆ ಹದಿನೈದು ಮಂದಿ ಎದುರಾಗುತ್ತಾರೆ. ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ಆದರೆ ಇಷ್ಟು ದೊಡ್ಡ ಉದ್ಯಮ ಪುಕ್ಕಟೆ ನಡೆಯುವುದಿಲ್ಲವಷ್ಟೆ. ಆದುದರಿಂದ ಒಳಗೊಂದು ಅಂಗಡಿಯಿದೆ. ಅಲ್ಲಿ ಸಿಗುವ ಸರಕು ಮೂರು ಬಗೆ: ಅಲಂಕಾರ, ಬಲ, ಸಮಯ. ಟ್ಯಾಂಕಿನ ಮೈಮೇಲೆ ಚಿತ್ರ ಬರೆಸಿಕೊಳ್ಳಲು ಹಣ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಪ್ರಶ್ನೆ ಏಳುವುದು ಉಳಿದೆರಡರಲ್ಲಿ.

ವರ್ಲ್ಡ್ ಆಫ್ ಟ್ಯಾಂಕ್ಸ್ ಮೊದಮೊದಲು ಬಲವನ್ನೇ ಮಾರಿತು. ದಪ್ಪ ಕವಚವನ್ನು ಸುಲಭವಾಗಿ ಭೇದಿಸುವ ಗುಂಡುಗಳು 'ಚಿನ್ನ'ಕ್ಕೆ ಮಾತ್ರ ಸಿಗುತ್ತಿದ್ದವು. ಆ ಚಿನ್ನ ಸಿಗುತ್ತಿದ್ದುದು ಮುಖ್ಯವಾಗಿ ನಿಜವಾದ ಹಣಕ್ಕೆ. 2012ರಲ್ಲಿ, ಆಡಿ ಗಳಿಸಿದ 'ಬೆಳ್ಳಿ'ಗೂ ಅವನ್ನು ಕೊಳ್ಳುವಂತಾಯಿತು. ಹಣ ಕೊಟ್ಟವರಿಗೆ ಯುದ್ಧದಲ್ಲಿ ಮೇಲುಗೈ ಮಾರುವುದಿಲ್ಲವೆಂಬ ನೀತಿಯನ್ನು ಸಂಸ್ಥೆ ಮರುವರ್ಷ ಸಾರಿತು. ಇದು ಮೆಚ್ಚತಕ್ಕದ್ದೇ. ಆದರೆ ಚಂದಾದಾರನಾದವನಿಗೆ ಪ್ರತಿ ಕಾಳಗದಲ್ಲೂ ಒಂದೂವರೆಯಷ್ಟು ಬೆಳ್ಳಿ ಸಿಗುತ್ತದೆ. ಅದರಿಂದ ಅದೇ ದುಬಾರಿ ಗುಂಡುಗಳನ್ನು ಅವನು ಧಾರಾಳವಾಗಿ ಹಾರಿಸಬಲ್ಲ. ಮುಂಬಾಗಿಲಿನಲ್ಲಿ ತಡೆದ ಹಣ ಹಿತ್ತಿಲ ಬಾಗಿಲಿನಿಂದ ಒಳಬಂದಂತಾಯಿತು.

ವಾರ್ ಥಂಡರ್ ಮೊದಲ ನೋಟಕ್ಕೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಅಲ್ಲಿ ಗುಂಡು ಒಳಹೊಕ್ಕು ಮದ್ದಿನ ದಾಸ್ತಾನಿಗೆ ತಗುಲಿದರೆ ಎಂಥ ಯಂತ್ರವೂ ಒಂದೇ ಏಟಿಗೆ ಮುಗಿಯಬಹುದು. ಪಕ್ಕದಿಂದ ಬಂದು ಗುರಿಯಿಟ್ಟ ಸಾಧಾರಣ ಟ್ಯಾಂಕು ಸಿರಿವಂತನ ಟ್ಯಾಂಕನ್ನು ಸುಟ್ಟೀತು. ಆದರೆ ಇಲ್ಲಿ ಮಾರುವ ಸರಕು ಸಮಯ. ಮೇಲಿನ ದರ್ಜೆಗೆ ಏರುವ ದಾರಿ ಬಹಳ ಉದ್ದ. ಏರಿದ ಮೇಲೂ ವಾಹನ ಪೂರ್ಣ ಸಜ್ಜಾಗಿ ಬರುವುದಿಲ್ಲ. ಕೆಟ್ಟರೆ ದುರಸ್ತಿಯ ಖರ್ಚು ಬೇರೆ. ಅರವತ್ತು, ಎಪ್ಪತ್ತು ಡಾಲರ್ ತೆತ್ತರೆ ಅಂಥದೊಂದು ವಾಹನ ಆ ಕ್ಷಣವೇ ಕೈಸೇರುತ್ತದೆ. 2023ರ ಮೇ ತಿಂಗಳಲ್ಲಿ ಈ ಗಳಿಕೆ-ಖರ್ಚಿನ ಲೆಕ್ಕಾಚಾರದ ವಿರುದ್ಧ ಆಟಗಾರರೇ ಸಿಡಿದೆದ್ದು, ಸ್ಟೀಮ್ ಮಳಿಗೆಯಲ್ಲಿ ಖಂಡನೆಯ ಮಳೆ ಸುರಿಸಿದರು. ಸಂಸ್ಥೆ ಹೊಸ ಬದಲಾವಣೆಗಳನ್ನು ಹಿಂತೆಗೆದುಕೊಂಡು ಸುಧಾರಣೆಯ ಭರವಸೆ ಕೊಡಬೇಕಾಯಿತು.

ಬಲ ಮಾರುವುದಕ್ಕಿಂತ ಸಮಯ ಮಾರುವುದು ಸೌಮ್ಯವೆಂದು ತೋರುತ್ತದೆ. ಆದರೆ ಸಮಯ ಮಾರಬೇಕಾದರೆ ಮೊದಲು ಬೇಸರವನ್ನು ಉಂಟುಮಾಡಬೇಕು. ಮುಲಾಮು ಮಾರುವವನೇ ದಾರಿಗೆ ಮುಳ್ಳು ಹರಡಿದರೆ ಅವನನ್ನು ವೈದ್ಯನೆನ್ನಲಾದೀತೆ?

ನಮ್ಮ ಬಾಲ್ಯದ ಆಟಗಳೆಲ್ಲ ಶುದ್ಧವಾಗಿದ್ದವೆಂದು ನಾನು ಹೇಳಲಾರೆ. ಬ್ಯಾಟು ತಂದ ಹುಡುಗನೇ ಮೊದಲು ಆಡುತ್ತಿದ್ದ, ಔಟಾದರೂ ಒಪ್ಪುತ್ತಿರಲಿಲ್ಲ. ಆದರೆ ಅವನ ಸವಲತ್ತು ಎಲ್ಲರ ಕಣ್ಣೆದುರಿಗಿತ್ತು. ಮಿತಿಮೀರಿದರೆ ನಾವು ಮನೆಗೆ ಹೋಗುತ್ತಿದ್ದೆವು, ಅವನು ಬ್ಯಾಟು ಹಿಡಿದು ಒಬ್ಬನೇ ನಿಲ್ಲುತ್ತಿದ್ದ. ಈ ಆಟಗಳಲ್ಲಿ ಒಬ್ಬ ಎದ್ದುಹೋದರೆ ಆ ಜಾಗಕ್ಕೆ ಅಪರಿಚಿತನೊಬ್ಬ ಬರುತ್ತಾನೆ. ಪುಕ್ಕಟೆ ಆಡುವವನು ಇಲ್ಲಿ ಅತಿಥಿಯೆಂದು ತಿಳಿಯಬಾರದು. ಹಣ ಕೊಟ್ಟವನಿಗೆ ಸೋಲಿಸಲು ಯಾರಾದರೂ ಬೇಕಲ್ಲ. ಆ ಕೆಲಸವನ್ನು ಇವನು ಕೂಲಿಯಿಲ್ಲದೆ ಮಾಡುತ್ತಿರುತ್ತಾನೆ. ಎದುರಾಳಿಗೆ ಆಗುವ ಅನ್ಯಾಯವೆಂದರೆ ಇದು.

ಜೊತೆಗಾರನಿಗೆ ಆಗುವುದು ಇನ್ನೊಂದು ಬಗೆ. ಕೆಳಗಿನ ದರ್ಜೆಯಲ್ಲಿ ಪೆಟ್ಟು ತಿನ್ನುತ್ತಲೇ ಆಟಗಾರ ನೆಲದ ಏರಿಳಿತ ತಿಳಿಯುತ್ತಾನೆ. ಗುಂಡು ಜಾರುವಂತೆ ಕವಚವನ್ನು ಓರೆಯಾಗಿ ನಿಲ್ಲಿಸುವುದನ್ನು ಕಲಿಯುತ್ತಾನೆ. ಹಣ ತೆತ್ತು ಒಮ್ಮೆಲೇ ಮೇಲೇರಿದವನ ಬಳಿ ದೊಡ್ಡ ಟ್ಯಾಂಕಿರುತ್ತದೆ, ಈ ತಿಳಿವಳಿಕೆ ಇರುವುದಿಲ್ಲ. ಅವನು ಮೊದಲ ನಿಮಿಷದಲ್ಲೇ ಉರಿದುಹೋದರೆ ಉಳಿದ ಹದಿನಾಲ್ವರು ಅವನ ಹೊರೆಯನ್ನೂ ಹೊರಬೇಕು. ತಂಡಕ್ಕಾಗಿ ಎಂದು ಕೊಂಡದ್ದು ತಂಡಕ್ಕೇ ಭಾರವಾಗುತ್ತದೆ.

ಇನ್ನು ತನಗೆ ಮಾಡಿಕೊಳ್ಳುವ ಅನ್ಯಾಯ. ಗೆದ್ದಾಗ ಗೆದ್ದವನು ತಾನೋ ತನ್ನ ಹಣವೋ ಎಂದು ತಿಳಿಯುವ ದಾರಿಯನ್ನೇ ಅವನು ಮುಚ್ಚಿಕೊಳ್ಳುತ್ತಾನೆ. ಊರು ಬಿಟ್ಟು ಬಂದು, ಯಾರ ಶಿಫಾರಸೂ ಇಲ್ಲದೆ ಈ ನಗರಗಳಲ್ಲಿ ಕಾಲೂರಿದ ನಮಗೆ ಈ ನಷ್ಟ ಸುಲಭವಾಗಿ ಅರ್ಥವಾಗಬೇಕು.

ಮೊಮ್ಮಗನನ್ನು ಕೇಳಿದೆ: "ನಿನ್ನ ತಂಡಕ್ಕೆ ಎಲ್ಲರಿಗಿಂತ ಬೇಕಾದವನು ಯಾರು?" ಸ್ವಲ್ಪ ಯೋಚಿಸಿ ಹೇಳಿದ: "ಹಗುರ ಟ್ಯಾಂಕಿನಲ್ಲಿ ಮುಂದೆ ಹೋಗಿ, ಪೊದೆಯ ಮರೆಯಲ್ಲಿ ನಿಂತು, ವೈರಿ ಎಲ್ಲಿದ್ದಾನೆಂದು ತೋರಿಸಿಕೊಡುವವನು. ಅವನು ತೋರಿಸಿದರೆ ಹಿಂದಿರುವವರು ಹೊಡೆಯುತ್ತಾರೆ."

"ಅದಕ್ಕೆ ಎಷ್ಟು ದುಡ್ಡು?"

"ದುಡ್ಡು ಬೇಡ ಅಜ್ಜ. ಆದರೆ ಕಲಿಯಲು ಬಹಳ ದಿನ ಬೇಕು. ಯಾರೂ ಹೊಗಳುವುದಿಲ್ಲ."

ತಂಡದ ಋಣ ತೀರಿಸಬೇಕಾದದ್ದು ಅಲ್ಲಿಯೇ ಎಂದೆ. ಎರಡು ಸಾವಿರ ಕೊಡಲಿಲ್ಲ. ಅವನಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ. ಆದರೂ ಅಂದು ಸಂಜೆ ಹಗುರ ಟ್ಯಾಂಕನ್ನೇ ಆರಿಸಿಕೊಂಡ. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅವನ ತಂಡ ಸೋತಿತು. "ಇನ್ನೊಂದು ಆಟ" ಎಂದ.