ಬಣ್ಣದ ಕೆಳಗಿನ ಗೆರೆ

ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಯಾರೂ ಕೇಳಲಿಲ್ಲವೆಂದು ಸುಮ್ಮನಿರುವುದು? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದುದಲ್ಲ. ಒಂದು ಮಾದರಿ ವಿಮಾನದ ರೆಕ್ಕೆಯಿಂದ ಬಂದುದು.

ಮಾದರಿ ವಿಮಾನ ಕಟ್ಟುವುದು ನನ್ನ ಹಳೆಯ ಚಟ. ರೆಕ್ಕೆಗೆ ಬಳಸುವ ಬಾಲ್ಸಾ ಮರ ಬಹಳ ಹಗುರ. ಉಗುರು ಒತ್ತಿದರೆ ತಗ್ಗು ಬೀಳುವಷ್ಟು ಮೆದು. ಆದ್ದರಿಂದ ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ ಎಪಾಕ್ಸಿ ರಾಳ ಕುಡಿಸುತ್ತೇವೆ. ಚದರ ಮೀಟರಿಗೆ 25 ಗ್ರಾಂ ತೂಗುವ ತೆಳುಬಟ್ಟೆ ಅದು. ರಾಳಕ್ಕೆ ಹಾರ್ಡನರನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಕೈಬಿಟ್ಟು ಸುರಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಹಳೆಯ ಪ್ಲಾಸ್ಟಿಕ್ ಕಾರ್ಡೊಂದರಿಂದ ರಾಳವನ್ನು ನಡುವಿನಿಂದ ಅಂಚಿಗೆ ಎಳೆದು, ಹೆಚ್ಚಾದುದನ್ನು ತೆಗೆದುಬಿಡಬೇಕು. ಬಲವಿರುವುದು ನೂಲಿನಲ್ಲಿ, ಅದನ್ನು ಹಿಡಿದಿಡುವಷ್ಟು ರಾಳ ಸಾಕು, ಮಿಕ್ಕದ್ದು ಬರಿಯ ಭಾರ. ಇದು ಕೇವಲ ಆಟದ ವಿದ್ಯೆಯಲ್ಲ. 1957ರಲ್ಲಿ ಜರ್ಮನಿಯಲ್ಲಿ ಹಾರಿದ ‘ಫೀನಿಕ್ಸ್’ ಗ್ಲೈಡರಿಗೂ, 1993ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ‘ಹಂಸ’ಕ್ಕೂ ಗಾಜಿನ ನೂಲು ಮತ್ತು ರಾಳವೇ ಮೈ.

ಈ ಕೆಲಸದಲ್ಲಿ ಒಂದು ಸೋಜಿಗವಿದೆ. ಬಿಳಿಯ ಬಟ್ಟೆ ರಾಳ ಕುಡಿದೊಡನೆ ಕಣ್ಣಿಗೆ ಕಾಣದಾಗುತ್ತದೆ. ಗಾಜೂ ರಾಳವೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬಾಗಿಸುವುದೇ ಕಾರಣ. ಕೆಳಗಿನ ಮರದ ಎಳೆ ಎಳೆಯೂ ಕಾಣುತ್ತದೆ.

ಒಮ್ಮೆ ನನ್ನ ರೆಕ್ಕೆಯೊಂದು ನೆಲಕ್ಕೆ ಬಡಿದು ಸೀಳಿತು. ಅಂಟು ಹಾಕಿ, ಮೇಲೆ ಗಾಜಿನ ಬಟ್ಟೆ ಹೊದಿಸಿದೆ. ಸೀಳು ಕೂದಲಿನಂತೆ ಕಾಣುತ್ತಲೇ ಇತ್ತು. ಉಪ್ಪುಕಾಗದದಿಂದ ಉಜ್ಜಿ, ಕೆಂಪು ಬಣ್ಣ ಬಳಿದೆ; ಗೆರೆ ಮಾಯವಾಯಿತು. ಅಕ್ಕನ ಮಗ ಬಂದವನು ಕೈಯಾಡಿಸಿ, “ಎಷ್ಟು ನುಣುಪು, ಮಾವ!” ಎಂದ. ನಾನು ಹಿಗ್ಗಿ ವಿಮಾನವನ್ನೇ ಅವನಿಗೆ ಕೊಟ್ಟುಬಿಟ್ಟೆ. ಸೀಳಿನ ಮಾತು ಎತ್ತಲಿಲ್ಲ.

ಮೂರನೆಯ ಭಾನುವಾರ, ಕೆಳಗೆ ಧುಮುಕಿದ ವಿಮಾನವನ್ನು ಅವನು ಮೇಲಕ್ಕೆತ್ತಿದಾಗ ರೆಕ್ಕೆ ಮಡಚಿಕೊಂಡಿತು. ಬಯಲಿನಲ್ಲಿ ನಿಂತು ನೋಡುತ್ತಿದ್ದ ಪುಟ್ಟ ಹುಡುಗನೊಬ್ಬನ ಪಕ್ಕದಲ್ಲೇ, ನಾಲ್ಕು ಮಾರು ದೂರದಲ್ಲಿ, ಬಂದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅಳಿಯ ಮುಖ ಸಣ್ಣದು ಮಾಡಿಕೊಂಡು, “ನನ್ನದೇ ತಪ್ಪು ಮಾವ, ಜೋರಾಗಿ ಎಳೆದುಬಿಟ್ಟೆ” ಎಂದ. ಮುರಿದ ತುಂಡುಗಳನ್ನು ಎತ್ತಿ ನೋಡಿದೆ. ನನ್ನ ಹಳೆಯ ಗೆರೆಯಲ್ಲೇ ಮುರಿದಿತ್ತು.

ಮನಸ್ಸು ಕೂಡಲೇ ವಕೀಲಿಕೆಗೆ ನಿಂತಿತು. ಅವನು ಕೇಳಿರಲಿಲ್ಲ, ನಾನು ಹಣ ಪಡೆದಿರಲಿಲ್ಲ, ಗಾಜಿನ ಬಟ್ಟೆ ನಿಜಕ್ಕೂ ಬಲ ಕೊಡುತ್ತದೆ. ಮೂರೂ ನಿಜವೇ. ಆದರೆ ಸೀಳು ಇತ್ತೆಂದೇ ತಿಳಿಯದವನು ಏನೆಂದು ಕೇಳಬೇಕು? ಪುಕ್ಕಟೆ ಕೊಟ್ಟ ಏಣಿಯ ಮುರಿದ ಮೆಟ್ಟಿಲು ಹತ್ತಿದವನನ್ನು ಬೀಳಿಸದೆ ಬಿಡುತ್ತದೆಯೆ? ಇನ್ನು ಬಟ್ಟೆ: ಅದು ತನ್ನ ಕೆಲಸ ಮಾಡಿತು, ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿದ್ದು ನನ್ನ ಬಣ್ಣ.

ಹಾಗಾದರೆ ಎಲ್ಲ ಕುಂದನ್ನೂ ಎಲ್ಲರಿಗೂ ಸಾರಬೇಕೆ? ಅಷ್ಟು ದೂರ ಹೋಗಬೇಕಿಲ್ಲ. ಗೋಡೆಯ ತೇಪೆಯನ್ನು ಬಂದ ನೆಂಟರಿಗೆಲ್ಲ ತೋರಿಸಬೇಕಾದ್ದಿಲ್ಲ. ಆದರೆ ಆ ಗೋಡೆಯ ಮೇಲೆ ಅಟ್ಟ ಕಟ್ಟುವವನಿಗೆ ಹೇಳಲೇಬೇಕು. ಯಾರು ಅದರ ಮೇಲೆ ಭಾರ ಹಾಕುತ್ತಾನೋ ಅವನಿಗೆ ತಿಳಿಯುವ ಹಕ್ಕಿದೆ. ಅವನು ಕೇಳಲಿ, ಬಿಡಲಿ.

ಆ ಸಂಜೆ ಅಳಿಯನಿಗೆ ಎಲ್ಲವನ್ನೂ ಹೇಳಿದೆ. ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಿದ್ದರೆ ಮೆಲ್ಲಗೆ ಹಾರಿಸುತ್ತಿದ್ದೆ ಮಾವ, ಅಷ್ಟೆ” ಎಂದ.

ನಾನು ಬಚ್ಚಿಟ್ಟು ಉಳಿಸಿಕೊಂಡದ್ದು ಏನು ಎಂದು ಈಗಲೂ ಯೋಚಿಸುತ್ತೇನೆ.