ಅವ್ವ ಕೊಟ್ಟ ದೇವರು

ತಾಯಿಯೊಬ್ಬಳು ತನ್ನ ದೇವರನ್ನು ಮಗುವಿಗೆ ಕೊಡಬಹುದೆ? ಹಾಲು ಕೊಟ್ಟಂತೆ, ಮಾತು ಕೊಟ್ಟಂತೆ ಅದನ್ನೂ ಕೊಡ್ತಾಳೆ, ಇದರಲ್ಲಿ ಕೇಳೋದೇನಿದೆ ಅನ್ನಬಹುದು. ಆದರೆ ಆ ದೇವರ ದೆಸೆಯಿಂದ ಮಗುವಿನ ಹಕ್ಕೇ ಹೋಗುವುದಾದರೆ? ಹೊಲಗೇರಿಯಿಂದ, ಮಾದಿಗರ ಹಟ್ಟಿಯಿಂದ ಚರ್ಚಿಗೆ ಹೋದ ತಾಯಂದಿರ ಮುಂದೆ ಈ ಪ್ರಶ್ನೆ ನಿಂತಿದೆ. ದೇವರು ದಿಂಡರನ್ನು ದೂರ ಇಟ್ಟ ನಮ್ಮಂಥವರೂ ಇದಕ್ಕೆ ಉತ್ತರ ಹೇಳಬೇಕು. ಅವರು ನಮ್ಮ ಅಕ್ಕಂದಿರು, ಚಿಕ್ಕವ್ವಂದಿರು.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಬಿಟ್ಟುಕೊಂಡರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಜಾತಿ ಅವರನ್ನು ಬಿಟ್ಟಿತೆ? ಏಸುವಿನ ಹೆಸರು ಕೇಳಿದ್ದೇ ತಡ ಹೋಟೆಲಿನವನು ಬೇರೆ ಲೋಟ ತೆಗೆದಿಟ್ಟನೆ? ಈ ಧರ್ಮದ ಷರತ್ತನ್ನು ಕಿತ್ತುಹಾಕಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. ಷರತ್ತು ಹಾಗೇ ಇದೆ. ಕರ್ನಾಟಕದಲ್ಲಿ ಇವರಿಗೆ ಪ್ರವರ್ಗ 1ರಲ್ಲಿ ಜಾಗವಿದೆ, ನಿಜ. ಆದರೆ ಕೇರಿಗೆ ನುಗ್ಗಿ ಜಾತಿ ಹಿಡಿದು ಬಯ್ದು ಹೊಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇವರ ನೆರವಿಗೆ ಬರೋದಿಲ್ಲ.

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಹೆಣ್ಣುಮಗಳೊಬ್ಬಳ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಕೋರಿಕೆಯನ್ನು ತಳ್ಳಿಹಾಕಿತು. ಅಪ್ಪ ಹಿಂದೂ, ಅವ್ವ ಕ್ರೈಸ್ತಳು. ಆಕೆ ಕೇಳಿದ್ದು ಒಂದು ಗುಮಾಸ್ತೆ ಕೆಲಸ. ಚರ್ಚಿಗೆ ಹೋಗುತ್ತಾ ಮೀಸಲಾತಿ ಕೇಳುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು ಕೋರ್ಟು. ಅವಳ ವಿರುದ್ಧ ಎತ್ತಿ ಹಿಡಿದ ಸಾಕ್ಷ್ಯಗಳಲ್ಲಿ ಎಳೆಗೂಸಾಗಿದ್ದಾಗ ಆದ ದೀಕ್ಷಾಸ್ನಾನವೂ ಒಂದು. ಕೂಸಿನ ನೆತ್ತಿಗೆ ಬಿದ್ದ ನಾಲ್ಕು ಹನಿ ನೀರು ಕೋರ್ಟಿನ ತನಕ ಹಿಂಬಾಲಿಸಿತು.

ನಮ್ಮ ಸೀಮೆಗೆ ಬರೋಣ. ಕನಕಪುರದ ಹಾರೋಬೆಲೆಯಲ್ಲಿ ತಲೆಮಾರುಗಳಿಂದ ಕ್ರೈಸ್ತರಾದ ಒಕ್ಕಲು ಮಕ್ಕಳಿದ್ದಾರೆ. 2019ರ ಕ್ರಿಸ್‌ಮಸ್ ದಿನ ಅಲ್ಲಿನ ಕಪಾಲಿಬೆಟ್ಟದಲ್ಲಿ 114 ಅಡಿ ಏಸು ಪ್ರತಿಮೆಗೆ ಅಡಿಗಲ್ಲಿಟ್ಟರು. ಮರು ತಿಂಗಳೇ ವಿರೋಧದ ಮೆರವಣಿಗೆ ಕನಕಪುರಕ್ಕೆ ಬಂತು. ಕಟ್ಟುವವರೂ ಗಂಡಸರು, ಕೆಡವುವವರೂ ಗಂಡಸರು. ಆ ಬೆಟ್ಟದ ಕೆಳಗೆ ಮಕ್ಕಳನ್ನು ಮಂಡಿಯೂರಿಸಿ ಜಪ ಕಲಿಸಿದ ಹೆಂಗಸರನ್ನು ಯಾರೂ ಮಾತಾಡಿಸಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಶಾಸಕರು, ನನ್ನ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂತ ಸದನದಲ್ಲಿ ದೂರಿದರು. ಮಗ ಮಾತಾಡಿದ, ಸದನ ಕೇಳಿತು. 2022ರಲ್ಲಿ ಮತಾಂತರದ ಕಾಯ್ದೆ ಬಂತು. ಮಕ್ಕಳು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ಪರಿಶಿಷ್ಟರು, ಇವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಇವರನ್ನು ಮತಾಂತರಿಸಿದವರಿಗೆ 3ರಿಂದ 10 ವರ್ಷ ಜೈಲು ಎಂದಿತು. ಅಂದರೆ ದಲಿತ ಹೆಂಗಸು ಎರಡೆರಡು ಸಲ ತಿಳಿಗೇಡಿ! ಅವಳಿಗೂ ಒಂದು ಆಯ್ಕೆ ಇರಬಹುದು ಅಂತ ಬರೆದವರ ತಲೆಗೆ ಹೊಳೆಯಲಿಲ್ಲ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ತಗೊಳ್ತೀವಿ ಎಂದು ತೀರ್ಮಾನ ಮಾಡಿತು.

ಅವಳು ಮಕ್ಕಳಿಗೆ ಕೊಡೋದಾದರೂ ಏನು? ರಾಮನಗರದ ಬಿಚ್ಚಾಣಿಕೆ ಮನೆಯಲ್ಲಿ ಕುದಿಯೋ ನೀರಿನ ಗೂಡಿಂದ ಎಳೆ ತೆಗೆದು ತೆಗೆದು ಬೆರಳು ಬೆಂದವಳು ಅವಳು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕೂಲಿ ನಿಂತಿತು, ಚರ್ಚಿಗೂ ಬೀಗ ಬಿತ್ತು. ಆವಾಗ ಪಾದ್ರಿಯೂ ಇಲ್ಲ, ಗಂಟೆಯೂ ಇಲ್ಲ, ಗುಡಿಸಲಲ್ಲಿ ಅವಳೇ ಎಲ್ಲ. ರಾಗಿ ಅಂಬಲಿ ಇಟ್ಟು ಪ್ರಾರ್ಥನೆ ಹೇಳಿಸೋ ಅವ್ವನ ದೇವಶಾಸ್ತ್ರ ಬಹಳ ಚಿಕ್ಕದು: ನೀನು ಮೈಲಿಗೆ ಅಲ್ಲ ಕಣ್ ಮಗ, ನಿನ್ನೂ ಅವನೇ ಮಾಡಿರೋದು, ಓದ್ಕೊ. ಈ ಮಾತನ್ನು ಹಳೆಯ ದೇವರು ಅವಳ ಅವ್ವನಿಗೆ ಹೇಳಿರಲಿಲ್ಲ. ಇದನ್ನು ಅಫೀಮು ಅಂತ ತಳ್ಳಿಹಾಕೋಕೆ ನಮ್ಮಿಂದಾಗದು.

ಹಾಗಂತ ಚರ್ಚಿಗೆ ಜೈ ಅನ್ನುವುದಿಲ್ಲ. ಮತಾಂತರ ಆದವರನ್ನು ಜಾತಿ ಅಲ್ಲಿಗೂ ಹಿಂಬಾಲಿಸಿದ್ದನ್ನು ಬಾಬಾಸಾಹೇಬರು ವಿವರವಾಗಿ ಬರೆದಿದ್ದಾರೆ. ಅವ್ವ ಕೊಟ್ಟ ದೇವರನ್ನು ಮಗಳು ನಾಳೆ ಬೇಡ ಅನ್ನಬಹುದು, ಬುದ್ಧನ ಕಡೆ ನಡೆಯಬಹುದು, ನಮ್ಮಂತೆ ಬರಿಗೈಲಿ ನಿಲ್ಲಬಹುದು. ಅದಕ್ಕೆ ಅಡ್ಡ ಬರೋ ಅವ್ವ ತನ್ನ ಆಯ್ಕೆಯನ್ನೇ ಮರೆತಂತೆ.

ಇನ್ನು ಎರಡು ಹೆಸರಿನ ಮಾತು. ಮನೆಯಲ್ಲಿ ಮೇರಿ, ಹಾಜರಿ ಪುಸ್ತಕದಲ್ಲಿ ಮಾದೇವಿ. ಇದು ಸುಳ್ಳಲ್ಲವೆ ಎಂದು ನೀತಿವಂತರು ಕೇಳುತ್ತಾರೆ. ಒಬ್ಬ ತಾಯಿಗೆ ದೇವರೋ ಮಗಳ ಓದೋ ಒಂದನ್ನ ಆರಿಸ್ಕೊ ಅನ್ನುವ ಕಾನೂನು ನಿಜ, ಎರಡನ್ನೂ ಉಳಿಸಿಕೊಳ್ಳೋಕೆ ಹೆಣಗುವ ಅವಳು ಸುಳ್ಳಿ! ನಾವು ಒಪ್ಪೋದಿಲ್ಲ. ಆದರೆ ಆ ಎರಡನೇ ಹೆಸರಿನ ಭಾರ ಹೊರೋಳು ಮಗಳು. ಯಾರಾದರೂ ಮೇರಿ ಅಂತ ಬೀದಿಯಲ್ಲಿ ಕೂಗಿಬಿಟ್ಟರೆ ಅಂತ ಹೆದರುತ್ತಾ ಬೆಳೆಯುವುದು ಯಾವ ಬಾಲ್ಯ?

ಹಳ್ಳಿ ಶಾಲೆಯ ಮೇಷ್ಟ್ರೇ, ಜೂನ್ ತಿಂಗಳಲ್ಲಿ ಅಂಥ ತಾಯಿ ಅರ್ಜಿ ಹಿಡಿದು ನಿಮ್ಮ ಮುಂದೆ ನಿಂತಾಗ ಅವಳ ಕೊರಳಿನ ಶಿಲುಬೆ ನೋಡಿ ಹುಬ್ಬೇರಿಸಬೇಡಿ. ಪ್ರವರ್ಗ 1ರ ಸಂಗತಿ ಅವಳಿಗೆ ಯಾರೂ ಹೇಳಿರೋದಿಲ್ಲ. ಕೂರಿಸಿ ಬಿಡಿಸಿ ಹೇಳಿ, ಆಮೇಲೆ ಏನು ಬರೆಸಬೇಕು ಅಂತ ಅವಳನ್ನೇ ಕೇಳಿ.